ಹುಬ್ಬಳ್ಳಿಯ ಧೂಳಿಗೆ ಹಂಗಾಮಿಗೊಂದು ಬಣ್ಣ: ನನ್ನ ಅನುಭವ

ಬೆಳಿಗ್ಗೆ 6ಕ್ಕೆ ಒಂದು ಹಾಳೆ, ಮಧ್ಯಾಹ್ನ 2ಕ್ಕೆ ಇನ್ನೊಂದು, ರಾತ್ರಿ 10ಕ್ಕೆ ಮತ್ತೊಂದು. ವಾರದಲ್ಲಿ ಎರಡು ದಿನ ಹೀಗೆ ಮಹಡಿ ಹತ್ತುವುದು ನನ್ನ ಕೆಲಸವಾಗಿತ್ತು. ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಅಳೆಯಲು ಹುಬ್ಬಳ್ಳಿಯ ಒಂದು ಕಟ್ಟಡದ ಮೇಲೆ ಗಾಳಿ ಎಳೆಯುವ ಯಂತ್ರ ಇಟ್ಟಿದ್ದೆವು. ಅದು ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಗಾಜಿನ ನಾರಿನ ಬಿಳಿ ಹಾಳೆಯ ಮೂಲಕ ಎಳೆಯುತ್ತದೆ. ದಪ್ಪ ಧೂಳು ಕೆಳಗಿನ ಬಟ್ಟಲಿಗೆ ಬೀಳುತ್ತದೆ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದು ಹಾಳೆಗೆ ಅಂಟುತ್ತದೆ. ಅದೇ ಪಿಎಂ10.

8 ಗಂಟೆಯಲ್ಲಿ 528 ಘನ ಮೀಟರ್ ಗಾಳಿ ಹಾಯುತ್ತದೆ. ಹಾಳೆಯ ತೂಕ 0.0528 ಗ್ರಾಂ ಹೆಚ್ಚಿದರೆ ಘನ ಮೀಟರಿಗೆ 100 ಮೈಕ್ರೋಗ್ರಾಂ ಎಂದಾಯಿತು. ನಮ್ಮ ದೇಶದಲ್ಲಿ ದಿನದ ಸರಾಸರಿಗೆ ಇಟ್ಟಿರುವ ಮಿತಿಯೂ ಅಷ್ಟೇ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ ತೂಕ ಅದು! ಅದಕ್ಕೇ ತೂಗುವಾಗ ಉಸಿರು ಬಿಗಿಹಿಡಿಯಬೇಕು.

ಮೊದಲ ಮಳೆಗಾಲದಲ್ಲೇ ನಾನು ತಪ್ಪಿದೆ. ಜುಲೈ ತಿಂಗಳು, ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ. ರಸ್ತೆಯಲ್ಲಿ ಧೂಳೇ ಇಲ್ಲ, ಆದರೂ ಹಾಳೆ ಭಾರ ತೋರಿಸುತ್ತಿತ್ತು. ಅದು ಧೂಳಲ್ಲ, ನೀರಿನ ತೇವ. ಬಳಸುವ ಮೊದಲೂ ಆಮೇಲೂ ಹಾಳೆಯನ್ನು ಡೆಸಿಕೇಟರಿನಲ್ಲಿ, ಅಂದರೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಮುಚ್ಚಿದ ಪಾತ್ರೆಯಲ್ಲಿ, 24 ಗಂಟೆ ಇಡಬೇಕು. ನಾನು ಇಟ್ಟಿದ್ದೆ. ಆದರೆ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಗಮನಿಸಿರಲಿಲ್ಲ. ಅಂದರೆ ಅವು ಆಗಲೇ ತೇವ ಕುಡಿದು ಮುಗಿಸಿದ್ದವು. ಹರಳುಗಳನ್ನು ಒಲೆಯಲ್ಲಿ ಕಾಯಿಸಿ, ನೀಲಿಗೆ ತಂದು ಮತ್ತೆ ತೂಗಿದೆ. ತೂಕ ಇಳಿಯಿತು. ಕರೆಂಟ್ ಹೋದಾಗಲೂ ಅಷ್ಟೇ. 8 ಗಂಟೆ ಎಂದು ಸುಮ್ನೆ ಬರೆದುಕೊಳ್ಳುವ ಹಾಗಿಲ್ಲ, ಯಂತ್ರದ ಗಂಟೆ ಮೀಟರ್ ನೋಡಿ ಓಡಿದ ನಿಮಿಷಗಳನ್ನೇ ಹಿಡಿಯಬೇಕು.

ವರ್ಷ ತುಂಬುವ ಹೊತ್ತಿಗೆ ತೂಕಕ್ಕಿಂತ ಬಣ್ಣವೇ ನನಗೆ ಜಾಸ್ತಿ ಹೇಳತೊಡಗಿತು. ತೂಕ ‘ಎಷ್ಟು’ ಅನ್ನುತ್ತದೆ, ಬಣ್ಣ ‘ಎಲ್ಲಿಂದ’ ಅನ್ನುತ್ತದೆ.

ಮಾರ್ಚ್, ಏಪ್ರಿಲ್‌ನ ಹಾಳೆ ಮಣ್ಣಿನ ಕಂದು. ಬಟ್ಟಲಿನಲ್ಲೂ ಧೂಳು ರಾಶಿ. ಅಗೆದು ಬಿಟ್ಟ ರಸ್ತೆ, ಮುಚ್ಚದೆ ಓಡುವ ಮರಳಿನ ಲಾರಿ, ಡಾಂಬರಿನ ಆಚೆ ಬರಿ ಮಣ್ಣಾಗಿ ಉಳಿದ ಅಂಚು. ಎಲ್ಲವೂ ಚಕ್ರದ ಅಡಿ ಪುಡಿಯಾಗಿ ಮೇಲೇಳುತ್ತವೆ. ನವಲಗುಂದ, ಗದಗ ಕಡೆಯ ಎರೆ ಹೊಲಗಳೂ ಆಗ ಬರಿದು. ಕಟ್ಟಡ ಕಾಯುತ್ತಿದ್ದ ಕಾಕಾ ಒಮ್ಮೆ ಹಾಳೆ ನೋಡಿ, “ಮೇಡಮ್ಮರ, ಗಾಳಿ ಮೂಡಣದಿಂದ ಬೀಸಾಕತ್ತೈತಿ ನೋಡ್ರಿ, ಇದು ಎರಿ ಹೊಲದ ಧೂಳ” ಅಂದರು. ಅಂದಿನಿಂದ ಗಾಳಿಯ ದಿಕ್ಕನ್ನೂ ವಹಿಯಲ್ಲಿ ಬರೆಯತೊಡಗಿದೆ.

ಡಿಸೆಂಬರ್, ಜನವರಿಯಲ್ಲಿ ಹಾಳೆ ಕಪ್ಪು. ಅದರಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರ ಹಾಳೆ. ವಿಚಿತ್ರ ಅಂದರೆ ಬಟ್ಟಲಿನಲ್ಲಿ ಧೂಳು ಅಷ್ಟೇನೂ ಇರುತ್ತಿರಲಿಲ್ಲ. ಅಂದರೆ ಇದು ಮಣ್ಣಲ್ಲ, ಹೊಗೆ. ಡೀಸೆಲ್ ಮಸಿ, ಹಂಡೆ ಒಲೆ, ಮೈ ಕಾಯಿಸಲು ಹಚ್ಚಿದ ಬೆಂಕಿ, ಓಣಿ ಮೂಲೆಯಲ್ಲಿ ಸುಡುವ ಪ್ಲಾಸ್ಟಿಕ್ಕು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗಿ ಕೂರುತ್ತದೆ. ಅದರ ಮೇಲಿನ ಬೆಚ್ಚಗಿನ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದಂತೆ. ಉಣಕಲ್ ಕೆರೆಯ ಕಡೆ ನಸುಕಿನಲ್ಲಿ ಹೊಗೆ ಮೇಲೇರದೆ ಅಡ್ಡಕ್ಕೆ ಹಾಸಿಕೊಂಡಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಈ ಹೊಗೆಯ ಕಣ ಹೆಚ್ಚಾಗಿ 2.5 ಮೈಕ್ರಾನ್‌ಗಿಂತ ಚಿಕ್ಕದು, ಎದೆಯ ಆಳಕ್ಕೆ ಇಳಿಯುವಂಥದ್ದು. ನಮ್ಮಲ್ಲಿ ವಾಕಿಂಗ್ ಹೋಗುವವರೂ ಅದೇ ಹೊತ್ತಿಗೆ ಹೋಗುತ್ತಾರೆ, ಅಲ್ವಾ? ಬಿಸಿಲು ಏರಿದ ಮೇಲೆ ಹೋಗಿ ಎಂದು ಮನೆಯ ಹಿರಿಯರಿಗೆ ನಾನು ಈಗಲೂ ಹೇಳುತ್ತೇನೆ.

ಮಳೆಗಾಲದ ಹಾಳೆ ತಿಳಿ ಬೂದು. ಮಳೆ ಗಾಳಿಯನ್ನು ತೊಳೆಯುತ್ತದೆ, ನೆಲವನ್ನೂ ಒದ್ದೆ ಇಡುತ್ತದೆ.

2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತೆ ಹುಬ್ಬಳ್ಳಿ-ಧಾರವಾಡವೂ ಸೇರಿದೆ. ಆಮೇಲೆ ನೀರು ಚಿಮುಕಿಸುವ ಮಾತು ಎಲ್ಲೆಡೆ ಕೇಳಿಬಂತು. ಏಪ್ರಿಲ್‌ನ ಧೂಳಿಗೆ ಅದು ಸ್ವಲ್ಪ ಹೊತ್ತು ಸರಿ, ನೀರು ಆರಿದರೆ ಮತ್ತೆ ಅದೇ ಕಥೆ. ರಸ್ತೆ ಅಂಚಿಗೆ ಕಲ್ಲು ಹಾಸುವುದು, ಇಲ್ಲವೇ ಹುಲ್ಲು ಬೆಳೆಸುವುದೇ ಮೇಲು. ಜನವರಿಯ ಕಪ್ಪು ಹಾಳೆಗೆ ನೀರಿನಿಂದ ಏನೂ ಆಗದು, ಸುಡುವುದು ನಿಲ್ಲಬೇಕು.

ನಮ್ಮ ಓಣಿಯಲ್ಲಿ ನಾವು ಎಲೆಯಿಂದ ಶುರು ಮಾಡಿದೆವು. ಫೆಬ್ರವರಿ, ಮಾರ್ಚ್‌ನಲ್ಲಿ ಬೇವಿನ ಎಲೆ ಉದುರುತ್ತದೆ. ದಿನಾ ಗುಡಿಸಿ ಬೆಂಕಿ ಇಡುತ್ತಿದ್ದರು. ಎರಡು ಹಾಳೆಗಳನ್ನು, ಒಂದು ಬಿಳಿಯದು, ಒಂದು ಕಪ್ಪಿನದು, ಒಯ್ದು ತೋರಿಸಿದೆ. ಅಂಕಿ ಹೇಳಿದಾಗ ಕೇಳದವರು ಆ ಕಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಈಗ ಖಾಲಿ ಜಾಗದ ಮೂಲೆಯಲ್ಲಿ ಮೂರು ಅಡಿ ಆಳದ ಗುಂಡಿ ಇದೆ. ಎಲೆಯೆಲ್ಲ ಅಲ್ಲಿಗೆ. ಮೊದಲ ಬುಟ್ಟಿ ಗೊಬ್ಬರವನ್ನು ಕಾಕಾ ತಮ್ಮ ದಾಸವಾಳದ ಗಿಡಕ್ಕೆ ಒಯ್ದರು.