ಬಳ್ಳಾರಿಯ ಉದ್ಯಮಿಗೆ ಪತ್ರಿಕಾ ಪ್ರಕಟಣೆ: ಬರೆಯುವುದು, ಕಳಿಸುವುದು

ಜೀನ್ಸ್ ಹೊಲಿಗೆಯಿಂದ ಹೆಸರಾದ ಬಳ್ಳಾರಿಯಲ್ಲಿ ಸಣ್ಣ ಘಟಕದ ಮಾಲೀಕರು ಜಾಹೀರಾತಿಗೆ ಹಣ ಹೊಂದಿಸಲಾಗದೆ ಸುಮ್ಮನಾಗುವುದುಂಟು. ಅಂಥವರಿಗೆ ಪತ್ರಿಕಾ ಪ್ರಕಟಣೆ, ಅಂದರೆ ಸುದ್ದಿಯಾಗಿ ಹಾಕಲೆಂದು ನಾವೇ ಬರೆದು ಪತ್ರಿಕೆಗಳಿಗೆ ಕಳಿಸುವ ಬರಹ, ನಿಜವಾಗಿಯೂ ನೆರವಾಗುತ್ತದೆ. ಆದರೆ ಜಾಹೀರಾತಿಗೂ ಪ್ರಕಟಣೆಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಜಾಹೀರಾತಿನಲ್ಲಿ ಜಾಗವನ್ನು ಹಣ ಕೊಟ್ಟು ಪಡೆಯುತ್ತೇವೆ, ಆದ್ದರಿಂದ ಮಾತೂ ನಮ್ಮದೇ. ಪ್ರಕಟಣೆಯನ್ನು ಹಾಕುವುದು, ಕತ್ತರಿಸುವುದು, ಬಿಡುವುದು ಸಂಪಾದಕರ ಹಕ್ಕು. ಅಮೆರಿಕದಲ್ಲಿ 1906ರಲ್ಲಿ ರೈಲು ಅಪಘಾತವೊಂದು ನಡೆದಾಗ ರೈಲ್ವೆ ಕಂಪನಿಯ ಪರವಾಗಿ ಐವಿ ಲೀ ಎಂಬವರು ವಿಷಯವನ್ನು ಮುಚ್ಚಿಡದೆ ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಇಂದಿನ ಪತ್ರಿಕಾ ಪ್ರಕಟಣೆಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಗುರುತಿಸುತ್ತಾರೆ.

ಬರೆಯುವ ಮುನ್ನ, ಈ ಸಂಗತಿಯಿಂದ ಓದುಗರಿಗೆ ಏನು ಉಪಯೋಗ ಎಂದು ಕೇಳಿಕೊಳ್ಳಬೇಕು. ‘ಗುಣಮಟ್ಟಕ್ಕೆ ಹೆಸರಾದ ನಮ್ಮ ಸಂಸ್ಥೆಯ ನೂತನ ಘಟಕವು ಗಣ್ಯರ ಸಮ್ಮುಖದಲ್ಲಿ ವಿಜೃಂಭಣೆಯಿಂದ ಲೋಕಾರ್ಪಣೆಗೊಂಡಿತು’ ಎಂಬ ವಾಕ್ಯದಲ್ಲಿ ಓದುಗರಿಗೆ ಸಿಗುವುದು ಏನೂ ಇಲ್ಲ. ಅದೇ ಘಟಕದವರು ‘ಹೊಲಿಗೆ ಕಲಿಯಲು ಬಯಸುವ ಮಹಿಳೆಯರಿಗೆ ನಗರದ ಜೀನ್ಸ್ ಘಟಕವು ಬರುವ ಸೋಮವಾರದಿಂದ ಮೂರು ತಿಂಗಳ ಉಚಿತ ತರಬೇತಿ ನೀಡಲಿದ್ದು, ಬಸ್ ವೆಚ್ಚವನ್ನೂ ಭರಿಸಲಿದೆ’ ಎಂದು ಬರೆದರೆ ಕೌಲ್ ಬಜಾರಿನ ಮನೆಯೊಂದರಲ್ಲಿ ಯಾರಾದರೂ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಘಟಕದ ಹೆಸರು ಎರಡನೆಯ ವಾಕ್ಯದಲ್ಲಿ ಬಂದರೂ ಸಾಕು. ಹೊಗಳಿಕೆಯ ವಿಶೇಷಣಗಳನ್ನು ಉಪಸಂಪಾದಕರು ಹೇಗೂ ತೆಗೆಯುತ್ತಾರೆ. ಅವರಿಗೆ ಆ ಕೆಲಸ ಕೊಡದಿರುವುದೇ ಸೌಜನ್ಯ.

ಜಾಗ ಸಾಲದಾದಾಗ ಸುದ್ದಿಯನ್ನು ಕೊನೆಯಿಂದ ಕತ್ತರಿಸುವುದು ರೂಢಿ. ಆದ್ದರಿಂದ ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ಪ್ಯಾರಾದಲ್ಲೇ ಮುಗಿಯಬೇಕು. ಆಮೇಲೆ ಮಾಲೀಕರ ಒಂದು ಹೇಳಿಕೆ, ಸಂಸ್ಥೆಯ ಕಿರುಪರಿಚಯ, ಕಡೆಗೆ ಕರೆ ಸ್ವೀಕರಿಸುವವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಇರಲಿ. ಒಂದು ಪುಟ ಮೀರಬಾರದು. ಲೆಟರ್‌ಹೆಡ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ವರದಿಗಾರರು ಪೂರ್ತಿ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಎಷ್ಟೋ ಪ್ರಕಟಣೆಗಳು ಅಲ್ಲಿಗೇ ನಿಂತುಹೋಗುತ್ತವೆ. ನಕಲು ಮಾಡಿಕೊಳ್ಳಬಹುದಾದ ಯೂನಿಕೋಡ್ ಪಠ್ಯವನ್ನೇ ಕಳಿಸಿ. ಪತ್ರಿಕೆಯವರು ‘ನುಡಿ’ ತಂತ್ರಾಂಶದ ಫಾಂಟ್‌ನಲ್ಲಿ ಬೇಕೆಂದರೆ ಹಾಗೆಯೂ ಕೊಡಿ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಸ್ಪಷ್ಟತೆ ಕೆಡುವುದಿಲ್ಲ. ಸಾಲಾಗಿ ನಿಂತ ಗಣ್ಯರಿಗಿಂತ ಯಂತ್ರದ ಮುಂದೆ ಕುಳಿತು ಹೊಲಿಯುತ್ತಿರುವವರ ಚಿತ್ರ ಒಳ್ಳೆಯದು. ಅವರ ಒಪ್ಪಿಗೆ ಪಡೆದು, ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಯಿರಿ.

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆಯ ಸುದ್ದಿಯನ್ನು ಬಳ್ಳಾರಿಯ ವರದಿಗಾರರಿಗೆ ಕಳಿಸಿ ಕಾಯುವುದರಲ್ಲಿ ಅರ್ಥವಿಲ್ಲ. ಆಯಾ ಜಿಲ್ಲೆಯ ವರದಿಗಾರರ ಪಟ್ಟಿ ಮಾಡಿಕೊಂಡು, ಕಾರ್ಯಕ್ರಮಕ್ಕೆ ಎರಡು ಮೂರು ದಿನ ಮೊದಲೇ, ಮಧ್ಯಾಹ್ನದೊಳಗೆ ಕಳಿಸುವುದು ಒಳ್ಳೆಯದು. ಆಕಾಶವಾಣಿ ಹೊಸಪೇಟೆ ಕೇಂದ್ರವನ್ನು ಮರೆಯಬೇಡಿ. ಕಳಿಸುವ ಸಂದರ್ಭವನ್ನೂ ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆಯ ರೈತರಿಗೆ ನೀರಿನದೇ ಚಿಂತೆಯಾಗಿತ್ತು. ಅಂಥ ಹೊತ್ತಿನಲ್ಲಿ ರಿಯಾಯಿತಿ ಮಾರಾಟದ ಸುದ್ದಿ ಹಾಕಿಸಲು ಒತ್ತಾಯಿಸುವುದು ಸಲ್ಲದು.

ಸಾರ್ವಜನಿಕ ಸಂಪರ್ಕದ ನಿಜವಾದ ಪರೀಕ್ಷೆ ಬರುವುದು ದೂರು ಬಂದಾಗ. ಜೀನ್ಸ್ ವಾಷಿಂಗ್ ಘಟಕಗಳ ಬಣ್ಣದ ನೀರಿನ ಬಗೆಗಿನ ದೂರು ಬಳ್ಳಾರಿಗೆ ಹೊಸದಲ್ಲ. ವರದಿಗಾರರು ಕರೆ ಮಾಡಿದಾಗ ಫೋನ್ ಆಫ್ ಮಾಡಿಕೊಂಡರೆ ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂಬ ಸಾಲು ಅಚ್ಚಾಗುತ್ತದೆ. ನೀರನ್ನು ಹೇಗೆ ಶುದ್ಧೀಕರಿಸುತ್ತೀರಿ, ಲೋಪವಿದ್ದರೆ ಯಾವ ದಿನದೊಳಗೆ ಸರಿಪಡಿಸುತ್ತೀರಿ ಎಂದು ಹೇಳಿ, ಬಂದು ನೋಡಲು ಆಹ್ವಾನಿಸಿ. ಸುದ್ದಿಗಾಗಿ ಲಕೋಟೆ ಕೊಡುವ ದಾರಿಯನ್ನು ಯಾವ ಕಾರಣಕ್ಕೂ ಹಿಡಿಯಬೇಡಿ. ಕಾಸಿಗಾಗಿ ಸುದ್ದಿಯ ಪಿಡುಗನ್ನು ಭಾರತೀಯ ಪತ್ರಿಕಾ ಮಂಡಳಿಯೇ 2010ರ ವರದಿಯಲ್ಲಿ ಖಂಡಿಸಿದೆ.

ಪ್ರಕಟವಾದ ಸುದ್ದಿಯಲ್ಲಿ ತಪ್ಪಿದ್ದರೆ ಅದೇ ದಿನ ವಿನಯದಿಂದ ಲಿಖಿತವಾಗಿ ತಿಳಿಸಿ. ಪ್ರಕಟವಾಗದಿದ್ದರೆ ಒಮ್ಮೆ ಕೇಳಬಹುದು; ಹೊಸ ವಿಷಯ ಸಿಗುವವರೆಗೆ ಮತ್ತೆ ಮತ್ತೆ ಕರೆ ಮಾಡಬೇಡಿ.