ಕರೆಂಟ್ ಗಾಡಿ ಹೊಗೆ ತಗ್ಗಿಸಬೇಕಾದರೆ ಹಗಲು ಚಾರ್ಜಿಗೆ ಹಾಕಿ

ಚಿಕ್ಕಮಗಳೂರಿನ ಸುತ್ತಮುತ್ತ ಮನೆ ವೈರಿಂಗ್ ಮಾಡುವುದು ನನ್ನ ಕಸುಬು. ಈಚೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಅಣ್ಣ, ಕರೆಂಟೂ ಕಲ್ಲಿದ್ದಲಿಂದ್ಲೇ ಬರೋದಲ್ವಾ? ಈ ಗಾಡಿ ತಗೊಂಡು ಏನು ಉಪಯೋಗ?" ಹೊಗೆಯಿಂದ ಹವಾಮಾನ ಕೆಟ್ಟು, ಕಣದಲ್ಲಿ ಹರವಿದ ಕಾಫಿ ಅಕಾಲ ಮಳೆಗೆ ನೆನೆಯುವುದನ್ನು ಕಂಡವರು ಕೇಳಲೇಬೇಕಾದ ಮಾತು. ಉಪಯೋಗ ಖಂಡಿತ ಇದೆ. ಎಷ್ಟು ಅನ್ನುವುದು ನೀವು ಎಷ್ಟು ಓಡಿಸುತ್ತೀರಿ, ಯಾವ ಹೊತ್ತಿನಲ್ಲಿ ಚಾರ್ಜಿಗೆ ಹಾಕುತ್ತೀರಿ ಅನ್ನುವುದರ ಮೇಲಿದೆ.

ಮೊದಲು ಲೆಕ್ಕ ಹಾಕಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ 100 ಕಿ.ಮೀ.ಗೆ ಐದು ಕೆ.ಜಿ. ಉಗುಳುತ್ತದೆ. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರಿಗೆ, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, ಮೂರೂವರೆ ಯೂನಿಟ್ ಬೇಕು. ದೇಶದ ಗ್ರಿಡ್ಡಿನ (ಕರೆಂಟ್ ಜಾಲದ) ಸರಾಸರಿ ಯೂನಿಟ್ಟಿಗೆ 0.7 ಕೆ.ಜಿ. ಆಸುಪಾಸು, ಅಂದರೆ ಎರಡೂವರೆ ಕೆ.ಜಿ. ಕಲ್ಲಿದ್ದಲನ್ನು ಸೇರಿಸಿಕೊಂಡೇ ಅರ್ಧಕ್ಕರ್ಧ ಉಳಿತಾಯವಾಯಿತು.

ಆದರೆ ಬ್ಯಾಟರಿ ತಯಾರಾಗುವಾಗಲೇ ಒಂದಷ್ಟು ಹೊಗೆ ಹೋಗಿರುತ್ತದೆ. ಮೂರು ಕಿಲೋವ್ಯಾಟ್ ಅವರ್, ಅಂದರೆ ಮೂರು ಯೂನಿಟ್ ಹಿಡಿಯುವ ಬ್ಯಾಟರಿಗೆ ಸುಮಾರು 200ರಿಂದ 300 ಕೆ.ಜಿ. ಆ ಸಾಲ ತೀರಲು ಹತ್ತು ಸಾವಿರ ಕಿ.ಮೀ. ಆಸುಪಾಸು ಓಡಿಸಬೇಕು. ದಿನಾ ಆಲ್ದೂರಿನಿಂದ ಪೇಟೆಗೆ ಬಂದುಹೋಗುವವರಿಗೆ ಅದು ವರ್ಷದ ಮಾತು. ವಾರದ ಸಂತೆಗಷ್ಟೇ ಗಾಡಿ ತೆಗೆಯುವವರು ಹಳೆಯದನ್ನೇ ಇಟ್ಟುಕೊಳ್ಳಿ. ಬಸ್ಸಲ್ಲಿ ಓಡಾಡುವವರು ದಯವಿಟ್ಟು ಬಸ್ಸು ಬಿಡಬೇಡಿ.

ಚಾರ್ಜಿಂಗ್ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಬಿಸಿಲು ಹೊತ್ತಿಗೆ ಸೋಲಾರ್ ಕರೆಂಟ್ ಧಾರಾಳ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಸೂರ್ಯ ಮುಳುಗಿ ಮನೆಮನೆಯಲ್ಲೂ ದೀಪ, ಟಿ.ವಿ. ಹಾಕುವ ಹೊತ್ತಿಗೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಮೇಲೆ ಭಾರ ಬೀಳುತ್ತದೆ. ಎಲ್ಲರೂ ಮನೆಗೆ ಬಂದ ಕೂಡಲೇ ಪ್ಲಗ್ ಸಿಕ್ಕಿಸುವುದು ಅದೇ ಸಂಜೆ ಏಳಕ್ಕೆ! ಅಂಗಡಿ, ಶಾಲೆ, ಕಾಫಿ ಕ್ಯೂರಿಂಗ್, ಎಲ್ಲಿ ಕೆಲಸವೋ ಅಲ್ಲಿ ಒಂದು ಪಾಯಿಂಟ್ ಕೇಳಿ, ಹತ್ತರಿಂದ ಮೂರರೊಳಗೆ ಚಾರ್ಜ್ ಮುಗಿಸಿ. ಮನೆಯಲ್ಲೇ ಇರುವವರಿಗೆ ಚಾವಣಿ ಸೋಲಾರ್ ಒಳ್ಳೆಯದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂ. ಸಬ್ಸಿಡಿ ಇದೆ. ಸಿಲ್ವರ್ ಓಕ್ ನೆರಳು ಬೀಳುವ ಚಾವಣಿಯಾದರೆ ದುಡ್ಡು ಹಾಕಬೇಡಿ.

ಪಾಯಿಂಟ್ 16 ಆಂಪ್ಸಿನದ್ದೇ ಇರಲಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಿನ್ನು ನೋಡಿ: ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಲಾರದಷ್ಟು ಬಿಸಿಯಿದ್ದರೆ ಸಾಕೆಟ್ಟಿನೊಳಗೆ ವೈರೋ ಪಿನ್ನಿನ ಹಿಡಿತವೋ ಸಡಿಲಾಗಿರಬಹುದು, ಅವತ್ತೇ ವೈರ್‌ಮನ್ ಕರೆಸಿ. ಅರ್ತಿಂಗ್ ಪರೀಕ್ಷೆಯನ್ನೂ ಆಗಲೇ ಮಾಡಿಸಿ.

ಅತ್ತಿಗುಂಡಿ, ಕೈಮರದ ಬೆಟ್ಟದ ಕಡೆಯವರಿಗೆ ಒಂದು ಮಾತು. ಇಳಿಜಾರಿನಲ್ಲಿ ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಗಾಡಿಯಾದರೆ ಪೂರ್ತಿ ತುಂಬಿಸಿಕೊಂಡು ಇಳಿಯಬೇಡಿ. ಜಾಗವೇ ಇಲ್ಲದಿದ್ದರೆ ಅದು ಒಳಗೆ ತಗೊಳ್ಳುವುದಾದರೂ ಹೇಗೆ? ಚಾರ್ಜ್ ಶೇ. 80–85ಕ್ಕೆ ನಿಲ್ಲಿಸಿ ಹೊರಡಿ.

ಬ್ಯಾಟರಿ ಸತ್ತ ಮೇಲೆ ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದರ ವಿಲೇವಾರಿ ತಯಾರಕರ ಹೊಣೆ. ಶೋರೂಮಿಗೇ ಒಯ್ದು ಕೊಟ್ಟು ರಸೀದಿ ಕೇಳಿ ಪಡೆಯಿರಿ.