ದೇವರ ಪಟದ ಹಳೇ ಕಾರ್ಡುಗಳು: ನನ್ನ ಅನುಭವ

ಶಿವಮೊಗ್ಗದಲ್ಲಿ ಅಂಚೆಚೀಟಿ ಕೂಡಿಡುವವರು ಸಿಗುತ್ತಾರೆ, ನಾಣ್ಯದವರೂ ಸಿಗುತ್ತಾರೆ. ವರ್ಣಚಿತ್ರ ಅಚ್ಚಾದ ಹಳೇ ಪೋಸ್ಟ್‌ಕಾರ್ಡು ಹುಡುಕುವವರು ಕಡಿಮೆ. ನನಗೆ ಅದೇ ಅನುಕೂಲ. ತೀರ್ಥಹಳ್ಳಿ, ಸಾಗರದ ಕಡೆ ಹಳೇ ಮನೆ ಬಿಚ್ಚಿದರೆ ಎಲ್ಲರೂ ಕಂಬ, ಬಾಗಿಲು, ಹಿತ್ತಾಳೆಗೆ ಮುಗಿಬೀಳುತ್ತಾರೆ. ಟ್ರಂಕಿನ ತಳದ ಕಾಗದದ ಕಟ್ಟು ಯಾರಿಗೂ ಬೇಡ.

ನನಗೆ ಜಾಸ್ತಿ ಇಷ್ಟ ರವಿವರ್ಮನ ದೇವರುಗಳು. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸು ಆಮೇಲೆ ಲೋಣಾವಳದ ಹತ್ತಿರಕ್ಕೆ ಹೋಯಿತು. ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ಅದನ್ನು ಕೊಂಡ ಮೇಲೂ ಅಚ್ಚು ನಿಲ್ಲಲಿಲ್ಲ. ಗೋಡೆಗೆ ಹಾಕುವ ಪಟಗಳ ಜೊತೆ ಅಂಗೈಯಗಲದ ಕಾರ್ಡುಗಳೂ ಬಂದವು. ಲಕ್ಷ್ಮಿ, ಸರಸ್ವತಿ ಇದ್ದರೆ ಮನೆಯವರು ಕೊಡಲು ಹಿಂಜರಿಯುತ್ತಾರೆ. "ದೇವ್ರ ಪಟ ಹರಿದ್ರೆ ಹೊಳೆಗೆ ಬಿಡೋದು ತಮ್ಮಾ, ಮಾರೋದುಂಟಾ?" ಎಂದು ಹೊಸನಗರ ಕಡೆಯ ಅಜ್ಜಿಯೊಬ್ಬರು ಕೇಳಿದರು. ನ್ಯಾಯದ ಮಾತೇ. ದುಡ್ಡಿನ ಸುದ್ದಿ ಬಿಟ್ಟು, "ಜೋಪಾನವಾಗಿ ಇಟ್ಕೋತೀನಿ ಅಜ್ಜಿ" ಎಂದೆ. ಕೊಟ್ಟರು.

ಕಾರ್ಡು ಕೈಗೆ ಬಂದರೆ ಮೊದಲು ನೋಡುವುದು ಬೆನ್ನು. ನಡುವೆ ಗೆರೆಯಿಲ್ಲದೆ ವಿಳಾಸಕ್ಕಷ್ಟೇ ಜಾಗವಿದ್ದರೆ ಅದು ತೀರಾ ಹಳೆಯ ನಮೂನೆ. ಬೆನ್ನನ್ನು ವಿಳಾಸಕ್ಕೊಂದು, ಬರಹಕ್ಕೊಂದು ಎಂದು ಎರಡು ಭಾಗ ಮಾಡಲು ಬ್ರಿಟನ್ನಿನಲ್ಲಿ ಬಿಟ್ಟಿದ್ದು 1902ರಲ್ಲಿ, ಜರ್ಮನಿಯಲ್ಲಿ 1905ರಲ್ಲಿ. ಅಲ್ಲಿಯ ತನಕ ಕ್ಷೇಮಸಮಾಚಾರವನ್ನೆಲ್ಲ ಚಿತ್ರದ ಅಂಚಿನಲ್ಲೇ ತುರುಕಬೇಕಿತ್ತು. ಗೀಚಿದ ಕಾರ್ಡು ಎಂದು ಅಂಥವನ್ನು ಬಿಡುವವರಿದ್ದಾರೆ. ನಾನು ಅವನ್ನೇ ಆರಿಸುತ್ತೇನೆ. ಅಂಚೆ ಮುದ್ರೆಯ ತಾರೀಕು ಓದಲು ಬಂದರೆ, ಕಾರ್ಡು ಅದಕ್ಕಿಂತ ಹೊಸದಲ್ಲ ಎಂದಂತೂ ಆಯಿತು.

ಆಮೇಲೆ ಭೂತಗನ್ನಡಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಥರದ್ದು ಸಾಕು. ಸೀರೆಯ ಸೆರಗೋ ಕೆನ್ನೆಯೋ, ಒಂದು ಕಡೆ ಹಿಡಿದು ನೋಡಿ. ರಂಗೋಲಿಯ ಚುಕ್ಕಿಯ ಹಾಗೆ ಸಾಲುಸಾಲಾಗಿ ಕಂಡರೆ ಅದು ಫೋಟೋ ತೆಗೆದು ಮಾಡಿದ ಲೋಹದ ಬ್ಲಾಕಿನಿಂದ ಒತ್ತಿದ ಅಚ್ಚು. ಕಲ್ಲಚ್ಚಿನದಾದರೆ ಚುಕ್ಕಿಗೆ ಸಾಲಿಲ್ಲ, ಅಳತೆಯಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಆ ಕಲ್ಲಿನ ಮೇಲೆ ಕೈಯಲ್ಲೇ ಇಟ್ಟ ಚುಕ್ಕಿ. ಕೆಲವು ಸಲ ಕೆಂಪು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ತುಟಿಯ ಹೊರಗೆ ಬಿದ್ದಿರುತ್ತದೆ. ನನಗೆ ಅದೇ ಚಂದ. ಈಗಿನ ನಕಲು ಬೇಗ ಸಿಕ್ಕಿಬೀಳುತ್ತದೆ. ನಾಲ್ಕು ಬಣ್ಣದ ಚುಕ್ಕಿಗಳು ಪುಟ್ಟ ಹೂವಿನಂತೆ ಕೂತಿರುತ್ತವೆ.

ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಗೊತ್ತಲ್ವಾ? ಅದನ್ನೂ ರವಿವರ್ಮನದೇ ಎಂದು ರೇಟು ಏರಿಸುತ್ತಾರೆ. ಅದು ಎಸ್. ಎಲ್. ಹಲ್ದಣಕರ್ ಅವರ ಜಲವರ್ಣ ಚಿತ್ರ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಸುಮ್ನೆ ಇಷ್ಟು ಹೇಳಿ ನೋಡಿ, ಚೌಕಾಸಿಯೇ ಬೇಡ.

ಕೊಳ್ಳುವುದಕ್ಕಿಂತ ಮಳೆಗಾಲ ದಾಟಿಸುವುದು ಕಷ್ಟ. ಒಲೆಯ ಮೇಲಿನ ಅಟ್ಟದಲ್ಲಿದ್ದ ಕಾರ್ಡು ಹೊಗೆಗೆ ಕಂದಿದ್ದರೂ ಗಟ್ಟಿಯಾಗಿರುತ್ತದೆ. ಟ್ರಂಕಿನದಕ್ಕೆ ಬೂಸ್ಟು. ನನ್ನ ಮನೆಯಲ್ಲಿ ಹೊಗೆಯಿಲ್ಲ, ಹಾಗಾಗಿ ಗಟ್ಟಿ ಮುಚ್ಚಳದ ಡಬ್ಬ ಮತ್ತು ತೇವ ಹೀರುವ ಸಿಲಿಕಾ ಜೆಲ್ ಹರಳು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಪಿವಿಸಿ ಕವರು ಬೇಡ, ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕವರು ಕೇಳಿ ತನ್ನಿ. ಅಂಟಿನ ಆಲ್ಬಂ ಕೂಡ ಬೇಡ. ಬೂಸ್ಟು ಕಂಡರೆ ಒದ್ದೆ ಬಟ್ಟೆ ತಾಗಿಸಬೇಡಿ. ನೆರಳಲ್ಲಿ ಪೂರ್ತಿ ಒಣಗಲಿ, ಆಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಮನೆಯ ಹೊರಗೆ ಕೂತು ಉದುರಿಸಿ. ಒಳಗೆ ಉದುರಿಸಿದರೆ ಉಳಿದ ಕಾರ್ಡುಗಳಿಗೂ ಹತ್ತುತ್ತದೆ.